ಪೆನ್ಸಿಲ್ ಪಂಚಾಯ್ತಿ: ನಾಯಿಯ ಕೂದಲು, ಬೀದರಿನ ಕಪ್ಪು, ಅಜ್ಜಿಯ ಸುಕ್ಕು

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಜಾತಿಯವು. ಕಲ್ಲು ಕಲ್ಲಾಗಿ ಕಾಣಬೇಕು, ಬೆಳ್ಳಿ ಬೆಳ್ಳಿಯಾಗಿ ಕಾಣಬೇಕು, ಬರೀ ಪೆನ್ಸಿಲ್‌ನಲ್ಲಿ ಅದು ಹೇಗೆ ಅಂತ. ಹಾಗಾಗಿ ಈ ತಿಂಗಳು ಪೂರ್ತಿ ಟೆಕ್ಸ್ಚರ್‌ಗೇ, ಅಂದರೆ ವಸ್ತುವಿನ ಮೈಯ ಒರಟು, ನುಣುಪು, ಹೊಳಪಿಗೇ ಮೀಸಲು. ವಾಟರ್ ಕಲರ್ ಬಗ್ಗೆ ಕೇಳಿದವರು ಸ್ವಲ್ಪ ತಡೆದುಕೊಳ್ಳಿ. ಕೆಲವರು ಹೆಸರು ಹಾಕಬೇಡಿ ಅಂದಿದ್ದಾರೆ. ಒಬ್ಬರಿಗೊಂದು ಇನ್ನೊಬ್ಬರಿಗೊಂದು ಬೇಡ ಅಂತ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಮನೆ ನಾಯಿಯ ಚಿತ್ರ ಬಿಡಿಸುತ್ತಿದ್ದೇನೆ. ಒಂದೊಂದೇ ಕೂದಲು ಬಿಡಿಸುತ್ತಾ ಕೂತರೆ ಮುಗಿಯುವುದೇ ಇಲ್ಲ. ಆದಷ್ಟು ಭಾಗ ನೋಡಿ ತಮ್ಮ "ಇದು ಮುಳ್ಳುಹಂದಿ" ಅಂತ ನಗುತ್ತಾನೆ. ಎಲ್ಲಿ ತಪ್ಪಾಗಿದೆ? (ಪಿಯುಸಿ ವಿದ್ಯಾರ್ಥಿನಿ, ಹಾಸನ)

ಉತ್ತರ: ತಮ್ಮನ ಕಣ್ಣು ಚೆನ್ನಾಗಿದೆ, ಬೈಯಬೇಡಮ್ಮ. ನೀನು ಕಳಿಸಿದ ಫೋಟೋ ನೋಡಿದೆ. ಕಣ್ಣು, ಮೂಗು ತುಂಬಾ ಚೆನ್ನಾಗಿ ಬಂದಿವೆ. ಮೈ ಮಾತ್ರ ಎಲ್ಲ ಕಡೆ ಒಂದೇ ಬೂದು. ಕಿವಿಯ ಕೆಳಗೂ ಅಷ್ಟೇ ಬೂದು, ಬಿಸಿಲು ಬಿದ್ದ ಬೆನ್ನಿನ ಮೇಲೂ ಅಷ್ಟೇ ಬೂದು. ಅದಕ್ಕೇ ಕೂದಲು ಕಾಣುತ್ತಿದೆ, ನಾಯಿ ಕಾಣುತ್ತಿಲ್ಲ.

ಟೆಕ್ಸ್ಚರ್ ಅಂದ ಕೂಡಲೇ ಎಲ್ಲರೂ ಗೆರೆಯ ಹಿಂದೆ ಓಡುತ್ತಾರೆ. ಮೊದಲು ಬೇಕಾದ್ದು ಟೋನ್. ಅಂದರೆ ಎಲ್ಲಿ ಎಷ್ಟು ಕಪ್ಪು, ಎಲ್ಲಿ ಎಷ್ಟು ಬಿಳಿ ಅನ್ನುವ ಲೆಕ್ಕ. ಹೊಸ ಹಾಳೆ ತಗೋ. ಕಣ್ಣನ್ನು ಅರ್ಧ ಮುಚ್ಚಿ ನಾಯಿಯನ್ನು ನೋಡು. ಕೂದಲೆಲ್ಲ ಮಾಯವಾಗಿ ಕಪ್ಪು ಬಿಳಿಯ ದೊಡ್ಡ ದೊಡ್ಡ ಭಾಗಗಳು ಮಾತ್ರ ಉಳಿಯುತ್ತವೆ. ಕಿವಿಯ ಅಡಿ, ದವಡೆಯ ಕೆಳಗೆ ಕುತ್ತಿಗೆ, ಹೊಟ್ಟೆ, ಕಾಲಿನ ಒಳಬದಿ, ಇವೆಲ್ಲ ಕಪ್ಪು. ಆ ಭಾಗಗಳನ್ನು ಎಚ್‌ಬಿ ಪೆನ್ಸಿಲ್ ಮಲಗಿಸಿ ಹಗುರವಾಗಿ ತುಂಬು. ಒಂದು ಕೂದಲೂ ಬೇಡ. ಈ ಹಂತದಲ್ಲೇ ದೂರದಿಂದ ನೋಡಿದವರಿಗೆ ಇದು ನಾಯಿ ಅಂತ ಗೊತ್ತಾಗಬೇಕು. ಗೊತ್ತಾಗದಿದ್ದರೆ ಮುಂದೆ ಹೋಗಬೇಡ. ಎಷ್ಟು ಕೂದಲು ಹಾಕಿದರೂ ಅದು ಸರಿಹೋಗಲ್ಲ.

ಆಮೇಲೆ ದಿಕ್ಕು. ಮೂತಿಯ ಮೇಲೆ ಕೂದಲು ಗಿಡ್ಡ, ಮೂಗಿನಿಂದ ಹಣೆಯ ಕಡೆಗೆ ಹೋಗುತ್ತದೆ. ಕೆನ್ನೆಯಲ್ಲಿ ತಿರುಗಿ ಹಿಂದಕ್ಕೆ ಬೀಳುತ್ತದೆ. ಕುತ್ತಿಗೆಯಲ್ಲಿ ಉದ್ದ. ಬೇರೆ ಕಾಗದದ ಮೇಲೆ ನಾಯಿಯ ಆಕಾರ ಹಾಕಿ, ಅದರ ತುಂಬಾ ಬರೀ ಬಾಣದ ಗುರುತು ಹಾಕಿಕೋ. ನಾಯಿಯ ಮೈ ಸವರುತ್ತಾ ಹಾಕಿದರೆ ಇನ್ನೂ ಒಳ್ಳೆಯದು, ಕೈಗೆ ಗೊತ್ತಾಗುವುದು ಕಣ್ಣಿಗೆ ಗೊತ್ತಾಗಲ್ಲ. ಗೆರೆ ಎಳೆಯುವಾಗ ಬುಡದಲ್ಲಿ ಸ್ವಲ್ಪ ಒತ್ತಿ, ತುದಿಯಲ್ಲಿ ಪೆನ್ಸಿಲ್ ಎತ್ತಿಬಿಡು. ಎರಡೂ ತುದಿ ಒಂದೇ ದಪ್ಪ ಇದ್ದರೆ ಅದು ಕೂದಲಲ್ಲ, ಕಡ್ಡಿ. ನಿನ್ನ ಮುಳ್ಳುಹಂದಿ ಹುಟ್ಟಿದ್ದು ಅಲ್ಲೇ.

ಇನ್ನು ಮುಖ್ಯವಾದ ಮಾತು. ಕೂದಲು ಎಲ್ಲ ಕಡೆ ಕಾಣಲ್ಲ. ಪೂರ್ತಿ ಬೆಳಕು ಬಿದ್ದಲ್ಲಿ ಬಿಳುಪು ಅದನ್ನು ತಿಂದುಹಾಕುತ್ತದೆ. ಪೂರ್ತಿ ನೆರಳಿನಲ್ಲಿ ಕಪ್ಪು ತಿಂದುಹಾಕುತ್ತದೆ. ಬೆಳಕು ಮುಗಿದು ನೆರಳು ಶುರುವಾಗುವ ನಡುವಿನ ಪಟ್ಟಿಯಲ್ಲಿ ಚೆನ್ನಾಗಿ ಕಾಣುತ್ತದೆ. ಮೈಯ ಅಂಚಿನಲ್ಲಿ, ಬಿಳಿ ಕೂದಲು ಕಂದು ಕೂದಲಿನ ಮೇಲೆ ಬೀಳುವ ಕಡೆ, ಕುತ್ತಿಗೆಗೆ ಬೆಲ್ಟ್ ಕಟ್ಟಿದ ಕಡೆ ಕಾಣುತ್ತದೆ. ನಿನ್ನ ಶ್ರಮವೆಲ್ಲ ಅಲ್ಲಿಗೆ ಹಾಕು. ಉಳಿದ ಕಡೆ ಅಲ್ಲೊಂದು ಇಲ್ಲೊಂದು ಸುಳಿವು ಕೊಟ್ಟರೆ ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಕಲ್ಲಿಗೂ, ಕಂಬಳಿಗೂ, ಹಲಸಿನ ಹಣ್ಣಿನ ಸಿಪ್ಪೆಗೂ ಇದೇ ನಿಯಮ. ಕೆಳಗಿನ ಉತ್ತರಗಳಲ್ಲಿ ಇದನ್ನೇ ಮತ್ತೆ ಮತ್ತೆ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ಬಿಳಿ ಮೀಸೆಗೆ ಒಂದು ಉಪಾಯ ಇದೆ. ಇಂಕು ಮುಗಿದ ಬಾಲ್‌ಪೆನ್ ತಗೊಂಡು, ಶೇಡ್ ಮಾಡುವ ಮೊದಲೇ ಮೀಸೆಯ ಗೆರೆಯನ್ನು ಕಾಗದದಲ್ಲಿ ಒತ್ತಿ ಎಳೆ. ಗುಳಿ ಬೀಳುತ್ತದೆ. ಆಮೇಲೆ 4ಬಿ ಪೆನ್ಸಿಲ್ ಮಲಗಿಸಿ ಮೇಲೆ ಶೇಡ್ ಮಾಡಿದರೆ ಗುಳಿಯೊಳಗೆ ಸೀಸ ಇಳಿಯಲ್ಲ, ಗೆರೆ ಬಿಳಿಯಾಗಿ ಉಳಿಯುತ್ತದೆ. ಪೆನ್ಸಿಲ್ ಮೊನೆ ಚೂಪಾಗಿದ್ದರೆ ಗುಳಿಯೊಳಗೂ ಹೋಗಿಬಿಡುತ್ತದೆ, ಹುಷಾರು. ಇಂಕು ನಿಜವಾಗಿ ಮುಗಿದಿದೆಯಾ ಅಂತ ಮೊದಲು ಬೇರೆ ಕಾಗದದ ಮೇಲೆ ಗೀಚಿ ನೋಡು. ಒಮ್ಮೆ ಒತ್ತಿದ್ದನ್ನು ಯಾವ ರಬ್ಬರಿನಿಂದಲೂ ಅಳಿಸಲು ಆಗಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ 10ಎಚ್‌ನಿಂದ 12ಬಿ ವರೆಗಿನ ದೊಡ್ಡ ಸೆಟ್ ಇದೆ. ಟೆಕ್ಸ್ಚರ್‌ಗೆ ಅದು ಬೇಕೇ ಬೇಕಾ? (ಗದಗ)

ಉತ್ತರ: ಬೇಡ. 2ಎಚ್, ಎಚ್‌ಬಿ, 2ಬಿ, 4ಬಿ, 6ಬಿ ಬಿಡಿಬಿಡಿಯಾಗಿ ತಗೊಳ್ಳಿ. ಕ್ಯಾಮ್ಲಿನ್ ಆದರೂ ಸರಿ, ಅಪ್ಸರಾ ಆದರೂ ಸರಿ. ಉಳಿದ ದುಡ್ಡಿಗೆ ಒಳ್ಳೆಯ ಕಾಗದ ತಗೊಳ್ಳಿ. ನೂರಕ್ಕೆ ತೊಂಬತ್ತು ಜನ ದುಬಾರಿ ಪೆನ್ಸಿಲ್ ತಂದು ಜೆರಾಕ್ಸ್ ಕಾಗದದ ಮೇಲೆ ಬಿಡಿಸುತ್ತಾರೆ, ನನಗೆ ಅರ್ಥವೇ ಆಗುವುದಿಲ್ಲ. 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಅನ್ನುವ ಲೆಕ್ಕ) ಕಾಗದ ಮೂರು ಪದರ ಶೇಡಿಂಗ್ ತಡೆಯುವುದಿಲ್ಲ, ಆಮೇಲೆ ಪೆನ್ಸಿಲ್ ಸುಮ್ನೆ ಜಾರುತ್ತದೆ. 200 ಜಿಎಸ್‌ಎಂ ಹತ್ತಿರದ್ದು ಇರಲಿ.

ಎಚ್ ಮತ್ತು ಬಿ ಬಗ್ಗೆಯೂ ಕೇಳಿದ್ದೀರಿ. ಪೆನ್ಸಿಲ್‌ನೊಳಗಿನ ಕಡ್ಡಿ ಅಂದರೆ ಗ್ರಾಫೈಟ್ ಪುಡಿ ಮತ್ತು ಜೇಡಿಮಣ್ಣು ಕಲಸಿ ಸುಟ್ಟದ್ದು. ಮಣ್ಣು ಜಾಸ್ತಿ ಇದ್ದರೆ ಗಟ್ಟಿ, ತೆಳು ಬಣ್ಣ, ಅದು ಎಚ್. ಗ್ರಾಫೈಟ್ ಜಾಸ್ತಿ ಇದ್ದರೆ ಮೆತ್ತಗೆ, ಕಪ್ಪು, ಅದು ಬಿ. ಯುದ್ಧದಿಂದಾಗಿ ಇಂಗ್ಲೆಂಡಿನ ಗ್ರಾಫೈಟ್ ಫ್ರಾನ್ಸಿಗೆ ಬರುವುದು ನಿಂತಾಗ, ನಿಕೊಲಾ ಜಾಕ್ ಕೊಂಟೆ ಎಂಬಾತ ಈ ಕಲಸುವ ವಿಧಾನ ಕಂಡುಕೊಂಡು 1795ರಲ್ಲಿ ಪೇಟೆಂಟ್ ಪಡೆದ. ಇವತ್ತಿಗೂ ನಾವು ಅದೇ ರೀತಿಯ ಪೆನ್ಸಿಲನ್ನೇ ಬಳಸುತ್ತಿದ್ದೇವೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಹಳೆಯ ಬಿದ್ರಿ ಹೂದಾನಿ ಇದೆ. ಅದನ್ನು ಪೆನ್ಸಿಲ್‌ನಲ್ಲಿ ಬಿಡಿಸಬೇಕೆಂದು ಆಸೆ. ಕಪ್ಪು ಬರಲಿ ಅಂತ 8ಬಿ ಒತ್ತಿ ಬಿಡಿಸಿದೆ. ಎದುರಿನಿಂದ ಪರವಾಗಿಲ್ಲ, ಪಕ್ಕದಿಂದ ನೋಡಿದರೆ ಕಪ್ಪೆಲ್ಲ ಫಳಫಳ ಹೊಳೆಯುತ್ತದೆ, ಬೆಳ್ಳಿ ಮಂಕಾಗಿ ಕಾಣುತ್ತದೆ. ಪೂರ್ತಿ ಉಲ್ಟಾ! (ನಿವೃತ್ತ ಬ್ಯಾಂಕ್ ನೌಕರರು, ಬೀದರ್)

ಉತ್ತರ: ಸರ್, ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಪೆನ್ಸಿಲ್‌ನ ದೊಡ್ಡ ಶತ್ರುವನ್ನೇ ಹಿಡಿದಿದ್ದೀರಿ. ಬಿದ್ರಿಗಿಂತ ಕಷ್ಟದ ವಸ್ತು ಪೆನ್ಸಿಲ್‌ಗೆ ಸಿಗುವುದು ಅಪರೂಪ.

ನಿಮ್ಮೂರಿನ ಕೆಲಸ ನಿಮಗೆ ನಾನು ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ದ ಪಾತ್ರೆ ಅದು. ಮೇಲೆ ಚಿತ್ತಾರ ಕೆತ್ತಿ, ಆ ಗೀರಿನೊಳಗೆ ಬೆಳ್ಳಿಯ ತಂತಿ ಅಥವಾ ತಗಡು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಉಜ್ಜಿದಾಗ ಪಾತ್ರೆಯ ಮೈ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಅಂದರೆ ಹೊಳೆಯದ ಕಪ್ಪು ಮತ್ತು ಹೊಳೆಯುವ ಬಿಳಿ ಒಂದಕ್ಕೊಂದು ಅಂಟಿಕೊಂಡೇ ಕೂತಿರುತ್ತವೆ. ಗ್ರಾಫೈಟ್‌ನ ಸ್ವಭಾವ ಇದಕ್ಕೆ ವಿರುದ್ಧ. ಅದರ ಕಣಗಳು ತೆಳು ಹಾಳೆಗಳು. ಒತ್ತಿದಷ್ಟೂ ಕಾಗದದ ಮೇಲೆ ಚಪ್ಪಟೆಯಾಗಿ ಮಲಗುತ್ತವೆ, ಮಲಗಿದಷ್ಟೂ ಬೆಳಕನ್ನು ವಾಪಸ್ ಎಸೆಯುತ್ತವೆ. ನೀವು ಕಪ್ಪು ಬೇಕು ಅಂತ ಒತ್ತಿದಾಗೆಲ್ಲ ಹೊಳಪನ್ನೂ ಹೆಚ್ಚಿಸಿದ್ದೀರಿ.

ಎರಡು ದಾರಿ ಇವೆ. ಗ್ರಾಫೈಟ್ ಒಂದರಲ್ಲೇ ಮಾಡಬೇಕು ಅಂತಿದ್ದರೆ 8ಬಿ ಪಕ್ಕಕ್ಕಿಡಿ. 2ಬಿಯಲ್ಲಿ ಒಂದು ಪದರ, ಅಡ್ಡಲಾಗಿ ಇನ್ನೊಂದು, ಓರೆಯಾಗಿ ಮತ್ತೊಂದು, ಆಮೇಲೆ 4ಬಿಯಲ್ಲಿ ಅದೇ ರೀತಿ. ಕೈ ಭಾರ ಬಿಡಬಾರದು. ಪೆನ್ಸಿಲನ್ನು ಹಿಂಬದಿಯಲ್ಲಿ ಹಿಡಿದರೆ ಒತ್ತಲು ಆಗುವುದೇ ಇಲ್ಲ, ಹಾಗೆ ಹಿಡಿಯಿರಿ. ಹೊಳಪು ಪೂರ್ತಿ ಹೋಗುವುದಿಲ್ಲ, ತುಂಬಾ ಕಡಿಮೆಯಾಗುತ್ತದೆ. ಎರಡನೆಯ ದಾರಿ, ಕಪ್ಪಿಗೆ ಮಾತ್ರ ಕಾರ್ಬನ್ ಪೆನ್ಸಿಲ್ ಅಥವಾ ಚಾರ್ಕೋಲ್, ಅಂದರೆ ಇದ್ದಿಲಿನ ಪೆನ್ಸಿಲ್. ಸ್ಟೆಡ್‌ಲರ್ ಕಂಪನಿಯ ಲ್ಯೂಮೋಗ್ರಾಫ್‌ನಲ್ಲಿ ಬ್ಲ್ಯಾಕ್ ಅಂತ ಒಂದು ಬಗೆ ಇದೆ, ಅದರಲ್ಲಿ ಕಾರ್ಬನ್ ಜಾಸ್ತಿ, ಹೊಳಪು ಕಡಿಮೆ. ಆದರೆ ಕ್ರಮ ಮುಖ್ಯ. ಮೊದಲು ಕಾರ್ಬನ್, ಆಮೇಲೆ ಪಕ್ಕದ ಬೂದುಗಳಿಗೆ ಗ್ರಾಫೈಟ್. ಒತ್ತಿ ಹಾಕಿದ ಗ್ರಾಫೈಟ್‌ನ ಮೇಲೆ ಚಾರ್ಕೋಲ್ ಕೂರುವುದಿಲ್ಲ, ಜಾರಿಹೋಗುತ್ತದೆ. ಹಾಗಾಗಿ ಈಗಿರುವ ಚಿತ್ರದ ಮೇಲೆ ರಿಪೇರಿ ಮಾಡಲು ಹೋಗಬೇಡಿ, ಹೊಸದು ಶುರು ಮಾಡಿ.

ಬೆಳ್ಳಿಗೆ ಬರೋಣ. ಹೊಳಪು ಅನ್ನುವುದು ಬಿಳಿಯಲ್ಲಿ ಇಲ್ಲ, ಅಂಚಿನಲ್ಲಿ ಇದೆ. ಹೊಳೆಯುವ ವಸ್ತುವಿನಲ್ಲಿ ಅತಿ ಬಿಳಿ ಮತ್ತು ಅತಿ ಕಪ್ಪು ಪಕ್ಕಪಕ್ಕದಲ್ಲೇ ಇರುತ್ತವೆ, ನಡುವೆ ಬೂದು ಇರುವುದೇ ಇಲ್ಲ ಅನ್ನಬಹುದು. ಹೊಳೆಯದ ವಸ್ತುವಿನಲ್ಲಿ ಬಿಳಿಯಿಂದ ಕಪ್ಪಿಗೆ ನಿಧಾನವಾಗಿ ಇಳಿಯುತ್ತದೆ. ನಿಮ್ಮ ಚಿತ್ರದಲ್ಲಿ ಬೆಳ್ಳಿಯ ಎಲೆಬಳ್ಳಿಯ ಅಂಚೆಲ್ಲ ಬೆರಳು ತಾಗಿ ಮಬ್ಬಾಗಿದೆ. ಆ ಅಂಚನ್ನು ಚೂಪಾಗಿ ಕೆತ್ತಿದ 4ಬಿಯಲ್ಲಿ ಹೊರಗಿನಿಂದ, ಕಪ್ಪಿನ ಕಡೆಯಿಂದ ತಿದ್ದಿ. ಬೆಳ್ಳಿಯೊಳಗೆ ಏನೂ ಹಾಕಬೇಡಿ, ಕಾಗದವೇ ಬೆಳ್ಳಿ. ಹೂದಾನಿಯ ಮೈ ತಿರುಗಿ ನೆರಳಿಗೆ ಹೋದ ಕಡೆ ಮಾತ್ರ ಬೆಳ್ಳಿಯ ಮೇಲೂ 2ಎಚ್‌ನಲ್ಲಿ ತೆಳುವಾಗಿ ಶೇಡ್ ಬರಬೇಕು. ಇದನ್ನು ಬಿಟ್ಟರೆ ಚಿತ್ತಾರ ಹೂದಾನಿಯ ಮೇಲೆ ಕೂರುವುದಿಲ್ಲ, ಸ್ಟಿಕರ್ ಅಂಟಿಸಿದ್ದೀರಿ ಅನಿಸುತ್ತದೆ. ಬೆಳ್ಳಿ ಬೆಳ್ಳಗೇ ಇರಬೇಕು ಅನ್ನುವ ಹಟದಲ್ಲಿ ಬಹಳ ಜನ ಇಲ್ಲೇ ಎಡವುತ್ತಾರೆ.

ಪ್ರಶ್ನೆ: ಶೇಡ್ ಮಾಡಿ ಬೆರಳಿನಿಂದ ಉಜ್ಜಿದರೆ ನುಣ್ಣಗೆ ಬರುತ್ತದೆ. ನಮ್ಮ ಟ್ಯೂಷನ್ ಸರ್ ಬೇಡ ಅನ್ನುತ್ತಾರೆ. ನೀವೇನು ಹೇಳುತ್ತೀರಿ? (ತುಮಕೂರು)

ಉತ್ತರ: ನಿಮ್ಮ ಸರ್‌ಗೆ ನನ್ನ ನಮಸ್ಕಾರ ತಿಳಿಸಿ. ಬೆರಳಲ್ಲಿ ಎಣ್ಣೆ, ಬೆವರು ಇರುತ್ತದೆ. ಅದು ಕಾಗದಕ್ಕೆ ಹತ್ತಿದರೆ ಆ ಜಾಗದಲ್ಲಿ ಕಲೆ ನಿಲ್ಲುತ್ತದೆ, ರಬ್ಬರೂ ಕೆಲಸ ಮಾಡುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಉಜ್ಜಿದ ತಕ್ಷಣ ಮರ, ಬಟ್ಟೆ, ಚರ್ಮ ಎಲ್ಲವೂ ಒಂದೇ ಆಗಿಬಿಡುತ್ತವೆ. ಟೆಕ್ಸ್ಚರ್ ಬಿಡಿಸಲು ಹೋಗಿ ಟೆಕ್ಸ್ಚರನ್ನೇ ಅಳಿಸುತ್ತೀರಿ. ಗಾಜು, ಮಂಜು, ಮಗುವಿನ ಕೆನ್ನೆ, ಇಂಥ ಕಡೆ ಟಿಶ್ಯೂ ಕಾಗದದಿಂದ ಅಥವಾ ಕಾಗದ ಸುರುಳಿ ಸುತ್ತಿದ ಸ್ಟಂಪಿನಿಂದ ಹಗುರವಾಗಿ ಸವರಿ. ಉಳಿದ ಕಡೆ ಬೆರಳು ಜೇಬಿನಲ್ಲಿರಲಿ.

ಪ್ರಶ್ನೆ: ಹಂಪಿಗೆ ಹತ್ತಿರ ಇರುವುದರಿಂದ ಭಾನುವಾರ ಹೋಗಿ ಬಂಡೆಗಳನ್ನು ಸ್ಕೆಚ್ ಮಾಡುತ್ತೇನೆ. ಬಂಡೆಯ ಮೇಲಿನ ಚುಕ್ಕಿ, ಒರಟು ಎಲ್ಲ ಹಾಕಿದರೂ ಬಂಡೆಗೆ ಭಾರವೇ ಬರುವುದಿಲ್ಲ. ಯಾಕೆ? (ಹೊಸಪೇಟೆ)

ಉತ್ತರ: ಎಷ್ಟು ಗಂಟೆಗೆ ಹೋಗುತ್ತೀರಿ? ನಿಮ್ಮ ಸ್ಕೆಚ್‌ನಲ್ಲಿ ಬಂಡೆಯ ನೆರಳು ಬಂಡೆಯ ಕಾಲಡಿಯಲ್ಲೇ ಇದೆ. ಅಂದರೆ ನಡುಮಧ್ಯಾಹ್ನ. ಆ ಹೊತ್ತಿನಲ್ಲಿ ಹಂಪಿಯಲ್ಲಿ ಮನುಷ್ಯರೂ ನಿಲ್ಲಬಾರದು, ಪೆನ್ಸಿಲೂ ತೆಗೆಯಬಾರದು. ನೆತ್ತಿಯ ಬಿಸಿಲು ಒರಟುತನವನ್ನೆಲ್ಲ ಚಪ್ಪಟೆ ಮಾಡಿಬಿಡುತ್ತದೆ. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ಪಕ್ಕದಿಂದ ಬೀಳುವ ಬೆಳಕಿಗೆ ಸಣ್ಣ ಉಬ್ಬೂ ತನ್ನ ನೆರಳು ಚೆಲ್ಲುತ್ತದೆ. ಮನೆಯಲ್ಲಿ ಅಭ್ಯಾಸ ಮಾಡುವವರಿಗೂ ಇದೇ ಮಾತು. ಟ್ಯೂಬ್‌ಲೈಟ್ ಆರಿಸಿ, ಒಂದು ಟೇಬಲ್ ಲ್ಯಾಂಪನ್ನು ವಸ್ತುವಿನ ಪಕ್ಕಕ್ಕೆ ತಗ್ಗಿಸಿ ಇಡಿ.

ಭಾರ ಬರದಿರುವುದಕ್ಕೆ ಕಾರಣ ಚುಕ್ಕಿ ಅಲ್ಲ. ಬಂಡೆಗೆ ಮೇಲ್ಮುಖ, ಪಕ್ಕದ ಮುಖ, ಅಡಿಯ ಮುಖ ಅಂತ ಮೂರು ಇರುತ್ತವೆ. ಮೇಲಿನದು ತಿಳಿ, ಪಕ್ಕದ್ದು ನಡುವಿನ ಬೂದು, ಅಡಿಯದು ಕಪ್ಪು. ಹಂಪಿಯ ಬಂಡೆಗಳ ಮೂಲೆಗಳು ಗಾಳಿ, ಮಳೆ, ಬಿಸಿಲಿಗೆ ಸವೆದು ದುಂಡಾಗಿರುವುದರಿಂದ ಈ ಮೂರು ಮುಖ ಇರುವುದೇ ಮರೆತುಹೋಗುತ್ತದೆ. ಒಂದು ಬಂಡೆ ಇನ್ನೊಂದರ ಮೇಲೆ ಕೂತಿರುವ ಸಂದು ನೋಡಿ, ಅಲ್ಲಿನ ಕಪ್ಪು ಚಿತ್ರದಲ್ಲೇ ಅತಿ ಗಾಢವಾಗಿರಬೇಕು. ಆ ಸಂದಿನ ಗೆರೆಯನ್ನು 6ಬಿಯಲ್ಲಿ ಧೈರ್ಯವಾಗಿ ಹಾಕಿ, ತಕ್ಷಣ ಮೇಲಿನ ಬಂಡೆ ಭಾರವಾಗಿ ಕೂರುತ್ತದೆ.

ಒರಟುತನಕ್ಕೆ ಕಾಗದವೇ ಅರ್ಧ ಕೆಲಸ ಮಾಡಲಿ. ನಾಯಿಗೂ ಬಿದ್ರಿಗೂ ನುಣುಪು ಕಾಗದ ಬೇಕು. ಬಂಡೆಗೆ ತರಿತರಿ ಇರುವ ಕಾರ್ಟ್ರಿಜ್ ಕಾಗದ ಒಳ್ಳೆಯದು. 4ಬಿ ಪೆನ್ಸಿಲನ್ನು ಮಲಗಿಸಿ ಎಳೆದರೆ ಸೀಸ ತರಿಯ ಮೇಲ್ತುದಿಗೆ ಮಾತ್ರ ಹತ್ತುತ್ತದೆ. ಅದರ ಮೇಲೆ 2ಎಚ್ ಆಡಿಸಿದರೆ ತಗ್ಗುಗಳು ತಿಳಿಬೂದು ಆಗುತ್ತವೆ. ಎರಡೇ ಪೆನ್ಸಿಲ್‌ನಲ್ಲಿ ಗ್ರಾನೈಟ್ ತಯಾರು. ಮಳೆನೀರು ಇಳಿದ ಕಪ್ಪು ಪಟ್ಟೆಗಳನ್ನು ಮರೆಯಬೇಡಿ. ಬಂಡೆಯ ಮೈ ಹೇಗೆ ತಿರುಗಿದೆ ಅಂತ ಅವೇ ಹೇಳುತ್ತವೆ.

ಸ್ಯಾಂಡ್ ಪೇಪರ್ ಕೆಳಗಿಟ್ಟು ಮೇಲೆ ಉಜ್ಜುವ ವಿಡಿಯೋ ಬಗ್ಗೆಯೂ ಬರೆದಿದ್ದೀರಿ. ಮಕ್ಕಳು ನಾಣ್ಯದ ಮೇಲೆ ಕಾಗದ ಇಟ್ಟು ಉಜ್ಜುವುದಿಲ್ಲವೇ, ಅದೇ ಇದು. ಮ್ಯಾಕ್ಸ್ ಅರ್ನ್‌ಸ್ಟ್ ಎಂಬ ಜರ್ಮನ್ ಕಲಾವಿದ 1925ರಲ್ಲಿ ಮರದ ನೆಲಹಾಸಿನ ಮೇಲೆ ಹಾಗೇ ಉಜ್ಜಿ ಒಂದು ಹೊಸ ಬಗೆಯ ಚಿತ್ರವನ್ನೇ ಶುರು ಮಾಡಿದ. ಅವನು ಬೇರೆ ಲೋಕದ ಚಿತ್ರ ಬಿಡಿಸುತ್ತಿದ್ದ, ಅವನಿಗೆ ಅದು ಸರಿ. ನಿಮ್ಮ ಬಂಡೆಗೆ ಸರಿಹೋಗುವುದಿಲ್ಲ. ಹತ್ತಿರದ ಬಂಡೆಗೂ ದೂರದ ಮತಂಗ ಬೆಟ್ಟಕ್ಕೂ ಒಂದೇ ಗಾತ್ರದ ಚುಕ್ಕಿ ಬಿದ್ದರೆ ದೂರವೇ ಉಳಿಯುವುದಿಲ್ಲ.

ಒಮ್ಮೆ ಬೇಲೂರಿಗೂ ಹೋಗಿ ಬನ್ನಿ. ಅಲ್ಲಿಯದು ಬಳಪದ ಕಲ್ಲು, ನಯವಾದದ್ದು. ಕಂಬಗಳಿಗೆ ಮೆರುಗೇ ಇದೆ. ಹಂಪಿಯಲ್ಲಿ ಕಲಿತ ಒರಟು ಕೈಯನ್ನು ಅಲ್ಲಿ ಪೂರ್ತಿ ಮರೆಯಬೇಕಾಗುತ್ತದೆ. ಒಳ್ಳೆಯ ಪಾಠ.

ಪ್ರಶ್ನೆ: ಮಳೆಗಾಲದಲ್ಲಿ ನನ್ನ ಪೆನ್ಸಿಲ್ ಕಪ್ಪಾಗಿ ಮೂಡುವುದೇ ಇಲ್ಲ, ರಬ್ಬರ್ ಹಾಕಿದರೆ ಕಾಗದ ಎದ್ದುಬರುತ್ತದೆ. ಪೆನ್ಸಿಲ್ ಕೆಟ್ಟಿದೆಯಾ? (ಗೃಹಿಣಿ, ಸಾಗರ)

ಉತ್ತರ: ಅಯ್ಯೋ, ಪೆನ್ಸಿಲ್ ಪಾಪದ್ದು, ಅದಕ್ಕೇನೂ ಆಗಿಲ್ಲ. ನಾನೂ ಶಿವಮೊಗ್ಗದವಳು, ಈ ಕಷ್ಟ ನನಗೆ ಗೊತ್ತು. ಕಾಗದ ಗಾಳಿಯ ತೇವ ಕುಡಿದು ಮೆತ್ತಗಾಗಿರುತ್ತದೆ. ಸೀಸ ಉಜ್ಜಿಕೊಳ್ಳಲು ತರಿ ಗಟ್ಟಿಯಾಗಿರಬೇಕು. ಮೆತ್ತಗಾದ ಕಾಗದದಲ್ಲಿ ಗಟ್ಟಿ ಪೆನ್ಸಿಲ್ ಗುಳಿ ಮಾಡುತ್ತದೆಯೇ ಹೊರತು ಬಣ್ಣ ಬಿಡುವುದಿಲ್ಲ. ಹಾಳೆಗಳನ್ನು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನಲ್ಲಿಡಿ, ಜೊತೆಗೆ ಹೊಸ ಬ್ಯಾಗು, ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ನಾಲ್ಕು ಹಾಕಿ. ಅವನ್ನು ಎಸೆಯಬೇಡಿ, ನಾನು ಡಬ್ಬಿ ತುಂಬಾ ಕೂಡಿಟ್ಟಿದ್ದೇನೆ. ಬಿಡಿಸುವ ಮೊದಲು ಹಾಳೆಯನ್ನು ಸ್ವಲ್ಪ ಹೊತ್ತು ಟೇಬಲ್ ಲ್ಯಾಂಪಿನ ಬಿಸಿಗೆ ಇಡಿ. ಒಲೆಯ ಹತ್ತಿರ ಬೇಡ, ಸುರುಳಿಯಾಗುತ್ತದೆ. ಆಷಾಢದಲ್ಲಿ ಎಚ್ ಪೆನ್ಸಿಲ್‌ಗಳಿಗೆ ರಜೆ ಕೊಟ್ಟು ಬಿಯಲ್ಲೇ ಕೆಲಸ ಮಾಡಿ. ಅಳಿಸಲು ಕೈಯಲ್ಲಿ ನಾದುವ ಬೂದು ರಬ್ಬರ್ ಸಿಗುತ್ತದೆ, ಅಂಗಡಿಯಲ್ಲಿ ನೀಡಬಲ್ ಇರೇಸರ್ ಅಂತ ಕೇಳಿ. ಅದನ್ನು ಉಜ್ಜಬಾರದು, ಒತ್ತಿ ಎತ್ತಬೇಕು. ಕಾಗದ ಏಳುವುದಿಲ್ಲ.

ಪ್ರಶ್ನೆ: ತೀರಿಕೊಂಡ ನಮ್ಮಜ್ಜಿಯ ಭಾವಚಿತ್ರ ಬಿಡಿಸುತ್ತಿದ್ದೇನೆ. ಇರುವುದು ಒಂದೇ ಹಳೆಯ ಫೋಟೋ. ಸುಕ್ಕುಗಳನ್ನೆಲ್ಲ ಸರಿಯಾಗಿ ಹಾಕಿದ್ದೇನೆ. ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದರೆ "ಅಜ್ಜಿ ಇಷ್ಟು ಸಿಡುಕಿ ಆಗಿರಲಿಲ್ಲ ಕಣೋ" ಅಂದರು. (ಮಸ್ಕತ್)

ಉತ್ತರ: ಅಮ್ಮ ಹೇಳಿದ್ದು ಸರಿ ಇದೆಯಪ್ಪ. ನೀವು ಸುಕ್ಕುಗಳನ್ನು ಗೆರೆಯಾಗಿ ಹಾಕಿದ್ದೀರಿ, ಅದೂ ಎಲ್ಲ ಗೆರೆಗೂ ಒಂದೇ ಕಪ್ಪು. ಹುಬ್ಬಿನ ನಡುವೆ ಎರಡು ಕಪ್ಪು ಗೆರೆ ಬಿದ್ದರೆ ಯಾರ ಅಜ್ಜಿಯಾದರೂ ಬೈಯಲು ನಿಂತವರ ಥರಾ ಕಾಣುತ್ತಾರೆ.

ಸುಕ್ಕು ಗೆರೆಯಲ್ಲ, ಚರ್ಮದ ಮಡಿಕೆ. ಮಡಿಕೆಗೆ ಒಂದು ಬದಿ ನೆರಳು, ಇನ್ನೊಂದು ಬದಿ ಬೆಳಕು. ನೆರಳಿನ ಬದಿಯಲ್ಲೂ ಒಂದು ಅಂಚು ಚೂಪು, ಇನ್ನೊಂದು ನಿಧಾನವಾಗಿ ಕೆನ್ನೆಯೊಳಗೆ ಕರಗಿಹೋಗುತ್ತದೆ. ಮೊದಲು ಇಡೀ ಮುಖಕ್ಕೆ ಎಚ್‌ಬಿಯಲ್ಲಿ ತಿಳಿಯಾದ ಶೇಡ್ ಹಾಕಿ. ಆಮೇಲೆ ಮಡಿಕೆಯ ನೆರಳನ್ನು 2ಬಿಯಲ್ಲಿ, ಚೂಪು ಅಂಚಿನಿಂದ ಶುರು ಮಾಡಿ ಹೊರಗೆ ಬಿಡುತ್ತಾ ಹಾಕಿ. ಕೊನೆಗೆ ನಾದಿದ ರಬ್ಬರಿಗೆ ಸಣ್ಣ ಮೊನೆ ಮಾಡಿ ಪಕ್ಕದ ಉಬ್ಬಿನ ಮೇಲೆ ಒತ್ತಿ ಬೆಳಕು ತೆಗೆಯಿರಿ. ಎಲ್ಲ ಸುಕ್ಕೂ ಬೇಡ. ಕಣ್ಣಿನ ಮೂಲೆಯವು, ಬಾಯಿಯ ಪಕ್ಕದ್ದು ಇರಲಿ, ಅಜ್ಜಿ ನಗುತ್ತಿದ್ದದ್ದು ಅಲ್ಲೇ ತಾನೇ? ಹುಬ್ಬಿನ ನಡುವಿನದನ್ನು ಅರ್ಧಕ್ಕರ್ಧ ತಿಳಿ ಮಾಡಿ. ಹಣೆಯದು ಕುಂಕುಮದ ಹತ್ತಿರ ಬರುವಾಗ ಕಾಣದಾಗಲಿ.

ಇನ್ನೊಂದು ಸಂಗತಿ. ಹಳೆಯ ಫೋಟೋದಲ್ಲಿ ಫ್ಲಾಶ್ ಎದುರಿನಿಂದ ಬಿದ್ದಿದೆ. ಅದರಲ್ಲಿ ಚರ್ಮದ ನಿಜವಾದ ನೆರಳು ಇಲ್ಲ, ಹಾಗಾಗಿ ಫೋಟೋವನ್ನೇ ನಂಬಿದರೆ ಗೆರೆಯೇ ಸಿಗುವುದು. ಅಲ್ಲಿ ಯಾರಾದರೂ ವಯಸ್ಸಾದವರು ಇದ್ದರೆ ಕಿಟಕಿಯ ಪಕ್ಕ ಕೂರಿಸಿ, ಮಾತಾಡಿಸುತ್ತಾ ಅವರ ಕೆನ್ನೆ, ಕುತ್ತಿಗೆ ನೋಡಿ. ಮುಖದ ಹೋಲಿಕೆ ಫೋಟೋದಿಂದ, ಚರ್ಮ ಇವರಿಂದ.

ಸೀರೆಯ ಅಂಚಿನ ಒಂದೊಂದು ನೂಲನ್ನೂ ಬಿಡಿಸಿದ್ದೀರಿ, ಕೈ ಚೆನ್ನಾಗಿದೆ. ಆದರೆ ಮೊದಲು ಕಣ್ಣು ಹೋಗುವುದು ಸೀರೆಗೆ. ಫ್ರಾನ್ಸಿನ ಚಿತ್ರಕಾರ ಆಂಗ್ರ್ ರೋಮ್‌ನಲ್ಲಿದ್ದಾಗ ಹೊಟ್ಟೆಪಾಡಿಗೆ ಅಲ್ಲಿಗೆ ಬಂದ ಪ್ರವಾಸಿಗಳ ಭಾವಚಿತ್ರ ಪೆನ್ಸಿಲ್‌ನಲ್ಲಿ ಬಿಡಿಸಿಕೊಡುತ್ತಿದ್ದ. ಮುಖದಲ್ಲಿ ಒಂದು ನಯವೂ ತಪ್ಪಿಲ್ಲ. ಬಟ್ಟೆಗೆ ಮಾತ್ರ ನಾಲ್ಕಾರು ಗೆರೆ, ಕೆಲವು ಕಡೆ ತೋಳು ಎಲ್ಲಿ ಮುಗಿಯಿತು ಅಂತಲೇ ಹೇಳುವುದಿಲ್ಲ. ಆದರೂ ಅದು ಉಣ್ಣೆಯೋ ರೇಷ್ಮೆಯೋ ಅಂತ ಗೊತ್ತಾಗುತ್ತದೆ. ನೆಟ್‌ನಲ್ಲಿ ದೊಡ್ಡದಾಗಿ ತೆರೆದು ನೋಡಿ. ನಿಮ್ಮ ಸೀರೆಯನ್ನು ಹೆಗಲ ಹತ್ತಿರ ಮಾತ್ರ ಪೂರ್ತಿ ಮಾಡಿ, ಕೆಳಗೆ ಹೋದಂತೆ ಬಿಟ್ಟುಬಿಡಿ. ಮೂಗುಬೊಟ್ಟಿನ ಬಿಳಿ ಚುಕ್ಕೆಯನ್ನು ಮಾತ್ರ ಮೊದಲಿನಿಂದಲೂ ಕಾಪಾಡಿಕೊಳ್ಳಿ. ಅದರ ಪಕ್ಕದಲ್ಲೇ ಚಿತ್ರದ ಕಡುಗಪ್ಪಿನ ಒಂದು ಚೂರು ಇಟ್ಟರೆ ಹರಳು ಮಿಂಚುತ್ತದೆ.

ಪ್ರಶ್ನೆ: ಫೋಟೋ ನೋಡಿ ಥೇಟ್ ಫೋಟೋದಂತೆ ಬಿಡಿಸುತ್ತೇನೆ. ಎಲ್ಲರೂ ಹೊಗಳುತ್ತಾರೆ. ಅಪ್ಪ ಮಾತ್ರ "ಮೊಬೈಲ್ ಇರುವಾಗ ಇದೆಲ್ಲ ಯಾಕೆ" ಅನ್ನುತ್ತಾರೆ. ಏನು ಉತ್ತರ ಕೊಡಲಿ? (ದಾವಣಗೆರೆ)

ಉತ್ತರ: ಅಪ್ಪನಿಗೆ ಉತ್ತರ ಕೊಡಲು ಹೋಗಬೇಡಿ, ಗೆಲ್ಲಲ್ಲ. ಆದರೆ ಪ್ರಶ್ನೆ ಒಳ್ಳೆಯದೇ. "ಫೋಟೋ ಥರಾನೇ ಇದೆ" ಅನ್ನುವ ಹೊಗಳಿಕೆ ನನಗೂ ಅಷ್ಟು ಹಿಡಿಸುವುದಿಲ್ಲ. ಫೋಟೋದಲ್ಲಿ ಮೂಗಿಗೂ ಹಿಂದಿನ ಗೋಡೆಗೂ ಒಂದೇ ಮರ್ಯಾದೆ. ಮನುಷ್ಯ ನೋಡುವುದು ಹಾಗಲ್ಲ.

ಹಾಗಂತ ಫೋಟೋ ನೋಡಿ ಬಿಡಿಸುವುದೇ ತಪ್ಪು ಅನ್ನಲಾರೆ. ವಿಯಾ ಸೆಲ್ಮಿನ್ಸ್ ಅಂತ ಒಬ್ಬ ಕಲಾವಿದೆ ಇದ್ದಾರೆ. 1938ರಲ್ಲಿ ಲಾಟ್ವಿಯಾದ ರೀಗಾದಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಹೋದವರು. ಲಾಸ್ ಏಂಜಲೀಸ್‌ನ ವೆನಿಸ್ ಕಡಲತೀರದಲ್ಲಿ ಸಮುದ್ರದ ಫೋಟೋ ತೆಗೆದು, 1960ರ ದಶಕದ ಕೊನೆಯಿಂದ ಅವನ್ನು ಪೆನ್ಸಿಲ್‌ನಲ್ಲಿ ಬಿಡಿಸಿದರು. ಬರೀ ಅಲೆ. ದಡ ಇಲ್ಲ, ದೋಣಿ ಇಲ್ಲ, ಆಕಾಶ ಮುಟ್ಟುವ ಗೆರೆಯೂ ಇಲ್ಲ. ಕಾಗದದ ಈ ತುದಿಯಿಂದ ಆ ತುದಿಗೆ ಗ್ರಾಫೈಟ್‌ನ ನೀರು. ಎಲ್ಲ ಕಡೆ ಟೆಕ್ಸ್ಚರ್ ಹಾಕಬೇಡಿ ಅಂತ ಮೇಲೆ ಇಷ್ಟು ಹೊತ್ತು ಹೇಳಿದೆನಲ್ಲ, ಆ ನಿಯಮವನ್ನು ಬೇಕಂತಲೇ ಮುರಿದವರು ಇವರು. ಹತ್ತಿರ ಹೋದರೆ ಅದು ಫೋಟೋ ಅಲ್ಲ, ಕೂತು ಕೈಯಲ್ಲಿ ಮಾಡಿದ ಕೆಲಸ ಅಂತ ಕಾಣುತ್ತದೆ. ನಿಮ್ಮ ಚಿತ್ರದಲ್ಲಿ ಫೋಟೋದಲ್ಲಿ ಇಲ್ಲದ್ದು ಏನಿದೆ ಅಂತ ಒಮ್ಮೆ ಕೇಳಿಕೊಳ್ಳಿ. ಒಂದು ತಿಂಗಳು ಮೊಬೈಲ್ ಮುಚ್ಚಿಟ್ಟು ಎದುರಿಗಿರುವ ವಸ್ತುಗಳನ್ನೇ ಬಿಡಿಸಿ. ಜೋಳದ ರೊಟ್ಟಿಯಿಂದ ಶುರು ಮಾಡಿ. ದಾವಣಗೆರೆಯಲ್ಲಿ ರೊಟ್ಟಿಗೇನು ಬರವೇ? ಉಬ್ಬಿದ ಕಡೆ ಸುಟ್ಟ ಕಲೆ, ಅಂಚಿನ ಬಿರುಕು, ಮೇಲೆ ಉದುರಿದ ಒಣ ಹಿಟ್ಟು, ಎಲ್ಲವೂ ಇದೆ. ಅಪ್ಪನೂ ಕೂತು ನೋಡುತ್ತಾರೆ.

ಪ್ರಶ್ನೆ: ನಾನು ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಓದುತ್ತಿದ್ದೇನೆ. ಸ್ಟೀಲ್ ಲೋಟ ಬಿಡಿಸಿದರೆ ಮಣ್ಣಿನ ಲೋಟ ಆಗುತ್ತದೆ. (ಎಂಟನೇ ತರಗತಿ, ಕುಂದಾಪುರ)

ಉತ್ತರ: ಪುಟ್ಟಾ, ಬಿದ್ರಿ ಅಜ್ಜನಿಗೆ ಕೊಟ್ಟ ಉತ್ತರದ ಕೊನೆಯ ಭಾಗ ನೀನೂ ಓದು. ಲೋಟದಲ್ಲಿ ಮೇಲಿಂದ ಕೆಳಗೆ ಉದ್ದುದ್ದ ಪಟ್ಟೆ ಕಾಣುತ್ತದಲ್ಲ? ಕಿಟಕಿ, ನಿನ್ನ ಅಂಗಿ, ಮೇಜು ಎಲ್ಲ ಅದರೊಳಗೆ ಸಣಕಲಾಗಿ ಕಾಣುತ್ತವೆ. ಆ ಪಟ್ಟೆಗಳನ್ನು ಮೊದಲು ಗೆರೆ ಹಾಕಿಕೊಂಡು, ಕಪ್ಪು ಪಟ್ಟೆಗೆ ಕಪ್ಪು, ಬಿಳಿ ಪಟ್ಟೆಗೆ ಏನೂ ಇಲ್ಲ, ಹೀಗೆ ತುಂಬು. ನಡುವೆ ಉಜ್ಜಿ ಬೆರೆಸಬೇಡ. ಪರೀಕ್ಷೆಯಲ್ಲಿ ಸಮಯ ಕಡಿಮೆ, ಐದಾರು ಪಟ್ಟೆ ಸಾಕು. ಬಾಯಿಯ ದುಂಡು ಸೊಟ್ಟಗಿದ್ದರೆ ಪಟ್ಟೆ ಎಷ್ಟು ಚೆನ್ನಾಗಿದ್ದರೂ ಮಾರ್ಕ್ಸ್ ಬರಲ್ಲ, ಅದನ್ನು ಮೊದಲು ನೋಡಿಕೋ.

ಪ್ರಶ್ನೆ: ಮುಗಿದ ಚಿತ್ರ ಅಳಿಸಿಹೋಗದ ಹಾಗೆ ಹೇರ್ ಸ್ಪ್ರೇ ಹೊಡೆಯಬಹುದಾ? (ಮಂಡ್ಯ)

ಉತ್ತರ: ಅಭ್ಯಾಸದ ಹಾಳೆಗೆ ಹೊಡೆಯಿರಿ. ಉಳಿಸಿಕೊಳ್ಳಬೇಕಾದ ಚಿತ್ರಕ್ಕೆ ಬೇಡ, ಕಾಲ ಕಳೆದಂತೆ ಹಳದಿ ಆಗಬಹುದು. ಕಲಾ ಸಾಮಗ್ರಿ ಅಂಗಡಿಯಲ್ಲಿ ಫಿಕ್ಸೆಟಿವ್ ಅಂತ, ಚಿತ್ರ ಅಳಿಸದ ಹಾಗೆ ಹಿಡಿದಿಡುವ ಸ್ಪ್ರೇ ಸಿಗುತ್ತದೆ. ಮನೆಯ ಹೊರಗೆ, ಒಂದಡಿ ದೂರದಿಂದ, ತೆಳುವಾಗಿ ಒಂದು ಸಲ ಹೊಡೆದು ಒಣಗಿದ ಮೇಲೆ ಇನ್ನೊಂದು ಸಲ. ಒಂದೇ ಸಲಕ್ಕೆ ತೋಯಿಸಿದರೆ ಹನಿ ಕಲೆ ನಿಲ್ಲುತ್ತದೆ. ಹೊಡೆದ ಮೇಲೆ ಚಿತ್ರ ಒಂದು ಚೂರು ಕಪ್ಪಾಗುತ್ತದೆ, ರಬ್ಬರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಸಹಿ ಹಾಕಿ, ತಿದ್ದುವುದೆಲ್ಲ ತಿದ್ದಿದ ಮೇಲೆಯೇ ಹೊಡೆಯಿರಿ. ಫ್ರೇಮ್ ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದ ಹಾಗೆ ಸುತ್ತಲೂ ಮೌಂಟ್ (ದಪ್ಪ ರಟ್ಟಿನ ಅಂಚು) ಹಾಕಿ ಅಂತ ಬಾಯಿಬಿಟ್ಟು ಹೇಳಿ, ಹೇಳದಿದ್ದರೆ ಹಾಕುವುದಿಲ್ಲ. ಸುಮ್ನೆ ಎತ್ತಿಡುವುದಾದರೆ ಎರಡು ಚಿತ್ರಗಳ ನಡುವೆ ಬಟರ್ ಪೇಪರ್ ಇಡಿ, ಮೇಲೆ ಭಾರ ಹೇರಬೇಡಿ.